ಕುಚ್ಚಲಕ್ಕಿ ಯಾವ ಅಂಗಡಿಯದು?

ಬೆಂಗಳೂರಿನ ಸಾವಯವ ಮಳಿಗೆಗಳಲ್ಲಿ ಈಗ ಕರಾವಳಿಯ ಕೆಂಪು ಕುಚ್ಚಲಕ್ಕಿಗೆ ಒಳ್ಳೆಯ ಜಾಗ ಸಿಕ್ಕಿದೆ. ಒಂದು ಕಿಲೋದ ಚಂದದ ಚೀಲ, ಮೇಲೊಂದು ಹಸಿರು ಗದ್ದೆಯ ಚಿತ್ರ, ಪಕ್ಕದಲ್ಲಿ ನಾರಿನಂಶ, ತೌಡು, ಪರಂಪರೆ ಎಂದೆಲ್ಲ ಬರಹ. ಬೆಲೆ ಮಾಮೂಲಿ ಅಕ್ಕಿಯದಕ್ಕಿಂತ ಎಷ್ಟೋ ಹೆಚ್ಚು. ಇತ್ತ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ನ್ಯಾಯಬೆಲೆ ಅಂಗಡಿಯಲ್ಲಿ ಸಾಲು ನಿಂತವರಿಗೆ ವರ್ಷಗಳಿಂದ ಸಿಗುತ್ತಾ ಬಂದದ್ದು ಹೆಚ್ಚಾಗಿ ಹೊರಗಿನಿಂದ ಬಂದ ಬಿಳಿ ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿ ಉಣ್ಣುವವರಿಗೆ ಬೆಳ್ತಿಗೆ, ಬೆಳ್ತಿಗೆ ಉಣ್ಣುವವರಿಗೆ ಕುಚ್ಚಲಕ್ಕಿ. ಈ ವಿಚಿತ್ರ ಹೇಗೆ ಉಂಟಾಯಿತೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಹಿಂದೆ ಊರಿನವರು ಊರಿನ ಅಕ್ಕಿ ಉಣ್ಣುತ್ತಿದ್ದರು, ವ್ಯಾಪಾರ ಬಂದು ಎಲ್ಲ ಕೆಟ್ಟಿತು ಎಂಬುದು. ಕೇಳಲು ಹಿತವಾದ ಮಾತು. ಆದರೆ ಈ ಮೂರು ತಾಲ್ಲೂಕುಗಳ ಇತಿಹಾಸ ಅದನ್ನು ಒಪ್ಪುವುದಿಲ್ಲ. ಇಲ್ಲಿನ ಅಕ್ಕಿ ಐನೂರು ವರ್ಷಕ್ಕೂ ಹಿಂದಿನಿಂದ ಪೇಟೆಯ ಸರಕು. ಬದುಕಿದ್ದೂ ಕೆಟ್ಟದ್ದೂ ಕೊಳ್ಳುವವನು ಯಾರು, ಯಾವಾಗ ಬರುತ್ತಾನೆ, ಎಷ್ಟು ಕೊಡುತ್ತಾನೆ ಎಂಬುದರ ಮೇಲೆ. ಹಾಗಾಗಿ ಈ ಅಕ್ಕಿಯನ್ನು ಇಂದು ಉಳಿಸಬಲ್ಲ ‘ನೈಸರ್ಗಿಕ ಆಹಾರ ಮಳಿಗೆ’ ಯಾವುದು ಎಂದರೆ, ಸಾವಯವ ಸೂಪರ್ ಮಾರ್ಕೆಟ್ಟಿಗಿಂತ ಮೊದಲು ನಾನು ನ್ಯಾಯಬೆಲೆ ಅಂಗಡಿಯ ಕಡೆ ಕೈ ತೋರಿಸುತ್ತೇನೆ.

ಬ್ರಹ್ಮಾವರ ತಾಲ್ಲೂಕಿನ ಬಾರಕೂರು, ಕುಂದಾಪುರ ತಾಲ್ಲೂಕಿನ ಬಸ್ರೂರು ಎರಡೂ ಹೊಳೆದಂಡೆಯ ಹಳೆಯ ಪಟ್ಟಣಗಳು. ಬಾರಕೂರು ಆಳುಪರ ರಾಜಧಾನಿಯಾಗಿತ್ತು, ಆಮೇಲೆ ವಿಜಯನಗರದವರ ರಾಜ್ಯಪಾಲರು ಕೂತ ಊರು. ಬಸ್ರೂರಿನಲ್ಲಿ ಮೂಡುಕೇರಿ, ಪಡುಕೇರಿಯ ಸೆಟ್ಟಿಕಾರರ, ಅಂದರೆ ವರ್ತಕ ಕೂಟಗಳ, ಮಾತು ನಡೆಯುತ್ತಿತ್ತು. ಈ ಭಾಗದ ಶಾಸನಗಳಲ್ಲಿ ದೇವಸ್ಥಾನಕ್ಕೆ ಬಿಟ್ಟ ದತ್ತಿಯನ್ನು ಅಕ್ಕಿಯ ಮೂಡೆಯ ಲೆಕ್ಕದಲ್ಲಿ ಕಾಣಬಹುದು. ಹೊನ್ನಿನಷ್ಟೇ ಅಕ್ಕಿಯೂ ಲೆಕ್ಕಕ್ಕೆ ನಿಲ್ಲುವ ವಸ್ತುವಾಗಿತ್ತು. ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ ಈ ಎರಡೂ ರೇವುಗಳಿಂದ ಒಳ್ಳೆಯ ಅಕ್ಕಿ ಮಲಬಾರಿಗೂ ಹೊರ್ಮುಜ್, ಏಡನ್‌ಗಳಿಗೂ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಈ ಕರಾವಳಿಯ ಅಕ್ಕಿಯಲ್ಲಿ ಬೇರೆಬೇರೆ ಜಾತಿಗಳಿದ್ದವು, ಒಂದೊಂದಕ್ಕೆ ಒಂದೊಂದು ಬೆಲೆ, ಹುಲ್ಲಿನಲ್ಲಿ ಕಟ್ಟಿದ ಮೂಟೆಗಳಲ್ಲಿ ಅದು ಸಾಗುತ್ತಿತ್ತು ಎಂಬುದೂ ಅವನ ಬರಹದಲ್ಲಿದೆ. ಬೈಂದೂರಿನ ಪಕ್ಕದ ಭಟ್ಕಳದಲ್ಲಿ 1502ರಲ್ಲಿ ವಾಸ್ಕೋ ಡ ಗಾಮಾ ಕಪ್ಪ ಕೇಳಿದಾಗ ಅದು ಕೂಡ ಅಕ್ಕಿಯ ರೂಪದಲ್ಲೇ ಗೊತ್ತಾಯಿತು. ಗಾಸ್ಪರ್ ಕೊರೆಯಾ ಬರೆದಂತೆ ಹಡಗಿನ ಆಳುಗಳಿಗೆ ಸಾವಿರ ಹೇರು ಸಾಧಾರಣ ಅಕ್ಕಿ, ಕಪ್ತಾನರಿಗೆ ಐನೂರು ಹೇರು ಒಳ್ಳೆಯ ಅಕ್ಕಿ. ದೊಡ್ಡವರ ಅಕ್ಕಿ ಬೇರೆ, ಚಿಕ್ಕವರ ಅಕ್ಕಿ ಬೇರೆ ಎಂಬ ಏರ್ಪಾಡು ಸೂಪರ್ ಮಾರ್ಕೆಟ್ಟು ಹುಟ್ಟುವ ಮೊದಲೇ ಇತ್ತು.

ಗೋವೆಯ ಪೋರ್ಚುಗೀಸರು ಹೊಟ್ಟೆಗೆ ಈ ಕರಾವಳಿಯನ್ನೇ ನಂಬಿದ್ದರು. ಅದಕ್ಕಾಗಿಯೇ ಬಸ್ರೂರಿನ ಬಾಯಲ್ಲಿ, ಅಂದರೆ ಕುಂದಾಪುರ-ಗಂಗೊಳ್ಳಿಯ ಅಳಿವೆಯಲ್ಲಿ, ಕೋಟೆ ಕಟ್ಟಿ ಕೂತರು. ಕೆಳದಿಯ ಶಿವಪ್ಪನಾಯಕ 1650ರ ದಶಕದ ಮೊದಲರ್ಧದಲ್ಲಿ ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರಿನಿಂದ ಅವರನ್ನು ಎಬ್ಬಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ಬಸ್ರೂರನ್ನು ದೋಚಿದ. ಬಡ ಊರನ್ನು ದೋಚಲು ಯಾರೂ ಹಡಗು ಕಟ್ಟಿಕೊಂಡು ಬರುವುದಿಲ್ಲ. ಬಸ್ರೂರಿನ ಆ ಸಿರಿಯಲ್ಲಿ ಒಳನಾಡಿನ ಕಾಳುಮೆಣಸಿನ ಪಾಲಿದ್ದಂತೆ ಬೈಲುಗದ್ದೆಯ ಭತ್ತದ ಪಾಲೂ ಇತ್ತು. ಇಲ್ಲಿನ ಗದ್ದೆಗಳು ಇಷ್ಟು ಅಚ್ಚುಕಟ್ಟಾಗಿ ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ವಿಂಗಡವಾದದ್ದರ ಹಿಂದೆ ಉಣ್ಣುವ ಬಾಯಿಗಳ ಜೊತೆಗೆ ರೇವಿನಲ್ಲಿ ಕಾಯುತ್ತಿದ್ದ ಮಂಜಿಗಳೆಂಬ ಸರಕಿನ ದೋಣಿಗಳೂ ಇದ್ದವೆಂದು ನಾನು ತಿಳಿಯುತ್ತೇನೆ.

ಈ ವ್ಯಾಪಾರದ ಕೈಗೆಲಸ ಎಂದರೆ ಮುಡಿ, ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ. ಒಣಹುಲ್ಲನ್ನು ಹದವಾಗಿ ಒದ್ದೆ ಮಾಡಿ, ಹುರಿ ಹೊಸೆದು, ಹರಡಿದ ಹುಲ್ಲಿನ ನಡುವೆ ಅಕ್ಕಿ ಸುರಿದು, ಸುತ್ತಲಿಂದ ಮಡಚಿ ಬಿಗಿಯುತ್ತ, ಕೋಲಿನಿಂದ ಬಡಿದು ಉರುಟಾಗಿಸುವುದು. ಕಟ್ಟುವವನ ಕೈ ಪಳಗಿದ್ದರೆ ಒಂದು ಕಾಳೂ ಹೊರಗೆ ಉದುರದು, ಮಳೆಗಾಲದ ಥಂಡಿ ಒಳಗೆ ಹೋಗದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಅಕ್ಕಿ ಕೆಡದು. ಒಂದು ಮುಡಿಗೆ 42 ಸೇರು ಎಂಬುದು ಜಿಲ್ಲೆಯ ರೂಢಿಯ ಲೆಕ್ಕ, ಹದಿನಾಲ್ಕು ಸೇರಿನ ಮೂರು ಕಳಸಿಗೆ. ಅಳತೆಯ ಸೇರು ಊರಿಂದ ಊರಿಗೆ ಒಂದಿಷ್ಟು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಈಗಿನ ಪರಿಭಾಷೆಯಲ್ಲಿ ಹೇಳುವುದಾದರೆ ಮುಡಿಯೇ ಪೊಟ್ಟಣ, ಮುಡಿಯೇ ತೂಕ, ಕಟ್ಟಿದವನ ಹೆಸರೇ ಖಾತರಿ. ಪ್ಲಾಸ್ಟಿಕ್ ಇಲ್ಲದ, ಗದ್ದೆಯ ಹುಲ್ಲಿನಿಂದಲೇ ಆದ ಈ ಪೊಟ್ಟಣವನ್ನು ನೋಡಿ ಪರಿಸರಪ್ರೇಮಿಗಳು ಮರುಳಾಗುವುದು ಸಹಜ. ಆದರೆ ಮುಡಿಯನ್ನು ಹಾಡಿ ಹೊಗಳುವ ಮೊದಲು ಅದು ಎಲ್ಲಿಗೆ ಹೋಗುತ್ತಿತ್ತೆಂದು ನೋಡಬೇಕು. ಬಹುಪಾಲು ಮುಡಿಗಳು ಹೋಗುತ್ತಿದ್ದುದು ಗೇಣಿಯಾಗಿ ಧಣಿಗಳ ಮನೆಗೆ, ದೇವಸ್ಥಾನಗಳಿಗೆ, ಮಠಗಳಿಗೆ. ಗೇಣಿಚೀಟಿಗಳು ಇಂತಿಷ್ಟು ಮುಡಿ ಎಂದೇ ಮಾತಾಡುತ್ತಿದ್ದವು. ಗದ್ದೆ ಉತ್ತವನ ಮನೆಯಲ್ಲಿ ಮಳೆಗಾಲ ನಡುವಿಗೆ ಬರುವಾಗ ಗಂಜಿಯಲ್ಲಿ ಅಗುಳು ಹುಡುಕಬೇಕಾಗುತ್ತಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಕರಾವಳಿಯ ಗೇಣಿದಾರರು ಒಡೆಯರಾದ ಮೇಲೆ ಮುಡಿ ಕಟ್ಟುವ ಕೆಲಸ ಕ್ರಮೇಣ ನಿಂತದ್ದಕ್ಕೆ ಗೋಣಿಚೀಲವೊಂದೇ ಕಾರಣ ಎನ್ನಲಾಗದು. ಅಳೆದು ಕೊಡಬೇಕಾದ ಗೇಣಿಯೇ ಇಲ್ಲವಾಗಿತ್ತು. ಅಂಥ ಹಿಂದಿನ ಕಾಲವನ್ನು ಪೊಟ್ಟಣದ ಮೇಲೆ ಪರಂಪರೆ ಎಂದು ಅಚ್ಚು ಹಾಕುವವರು ಗೇಣಿಯ ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಇನ್ನು ಕುಚ್ಚಲಕ್ಕಿಯದೇ ವಿಷಯ. ಭತ್ತ ನೆನೆಸಿ, ಹಂಡೆಯಲ್ಲಿ ಹಾಕಿ, ಹೊಟ್ಟು ಬಾಯಿ ಬಿಡುವ ತನಕ ಬೇಯಿಸಿ, ಅಂಗಳದಲ್ಲಿ ಒಣಗಿಸಿ ಕುಟ್ಟುವ ಈ ಪದ್ಧತಿ ಹವೆಯನ್ನು ಬಲ್ಲವರು ಕಂಡುಕೊಂಡದ್ದು. ಬೇಯಿಸಿದ ಭತ್ತದ ಕಾಳು ಗಟ್ಟಿಯಾಗುತ್ತದೆ, ಕುಟ್ಟುವಾಗ ನುಚ್ಚಾಗುವುದು ಕಡಿಮೆ, ಹುಳ ಬೀಳುವುದೂ ಕಡಿಮೆ. ಅದಕ್ಕಿಂತ ದೊಡ್ಡ ಲಾಭವೊಂದು ಯಾರಿಗೂ ಗೊತ್ತಿಲ್ಲದೆಯೇ ಆಗುತ್ತಿತ್ತು. ಬೇಯುವಾಗ ತೌಡಿನ ಬಿ ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ, ಹಾಗಾಗಿ ಆಮೇಲೆ ಹೊಳಪು ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಜಾವಾದಲ್ಲಿ ವೈದ್ಯ ಐಕ್ಮನ್ 1890ರ ದಶಕದಲ್ಲಿ ಹೊಳಪಿನ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡ. ಮಲಯದಲ್ಲಿ ವೈದ್ಯರಾದ ಬ್ರ್ಯಾಡನ್, ಫ್ರೇಸರ್, ಸ್ಟಾಂಟನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಬಿಳಿ ಅಕ್ಕಿ ಉಣ್ಣುವ ಕೂಲಿಗಳಿಗೆ ಆ ಜೀವಸತ್ವದ ಕೊರತೆಯ ಕಾಯಿಲೆಯಾದ ಬೆರಿಬೆರಿ ಬರುವುದನ್ನೂ ಕುಚ್ಚಲಕ್ಕಿ ಉಣ್ಣುವವರಿಗೆ ಬಾರದಿರುವುದನ್ನೂ ಗಮನಿಸಿದರು. ಕೂನೂರಿನಲ್ಲಿ ವೈದ್ಯ ಮೆಕ್ಯಾರಿಸನ್ 1920ರ ದಶಕದಲ್ಲಿ ಮದ್ರಾಸು ಪ್ರಾಂತ್ಯದಲ್ಲೇ ಇದನ್ನು ಶೋಧಿಸಿದ. ಬೆರಿಬೆರಿ ಹೆಚ್ಚು ಕಾಡಿದ್ದು ಬೆಳ್ತಿಗೆ ಉಣ್ಣುವ ಆಂಧ್ರದ ಕರಾವಳಿಯನ್ನು, ಕುಚ್ಚಲಕ್ಕಿಯ ಸೀಮೆಗಳನ್ನಲ್ಲ. ಕುಚ್ಚಲಕ್ಕಿ ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದು ಎಂಬಂಥ ಮಾತುಗಳಿಗೆ ನಾನು ಸಹಿ ಹಾಕಲಾರೆ, ಅಕ್ಕಿ ಅಕ್ಕಿಯೇ. ಆದರೆ ಬಡವನ ಗಂಜಿಯ ಬಟ್ಟಲಿಗೆ ಒಂದು ಜೀವಸತ್ವ ಪುಕ್ಕಟೆಯಾಗಿ ಸಿಗುತ್ತಿತ್ತು ಎಂಬುದು ಪ್ರಯೋಗಾಲಯದ ಸಾಕ್ಷ್ಯವಿರುವ ಮಾತು. ಅದನ್ನು ಈಗ ಕಿಲೋಗೆ ಹೆಚ್ಚಿನ ಬೆಲೆ ಕೊಡಬಲ್ಲವನಿಗೆ ಮಾರುತ್ತೇವೆ. ಬಡವನಿಗೆ ಕೊಡುವ ಬೆಳ್ತಿಗೆಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಕೃತಕ ಕಾಳುಗಳನ್ನು ಸೇರಿಸಿ ಸಾರವರ್ಧಿತ ಎನ್ನುತ್ತೇವೆ. ಆ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆಯುವವರೂ ಉಂಟು.

ಬೆಳ್ತಿಗೆ ಇಲ್ಲಿಯ ತನಕ ಬಂದದ್ದು ಯಾರ ಕುತಂತ್ರದಿಂದಲೂ ಅಲ್ಲ. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿದಾಗ ದೇಶಕ್ಕೆ ಬೇಕಾಗಿದ್ದುದು ಹಸಿವು ನೀಗುವಷ್ಟು ಧಾನ್ಯ, ರುಚಿ ಕೇಳುವ ಪುರಸೊತ್ತಿರಲಿಲ್ಲ. ಎಲ್ಲಿ ಹೆಚ್ಚು ಬೆಳೆಯುತ್ತದೋ ಅಲ್ಲಿಂದ ಕೊಂಡು ಎಲ್ಲಿ ಬೇಕೋ ಅಲ್ಲಿಗೆ ಕಳಿಸುವ ವ್ಯವಸ್ಥೆ ಅದು. ತುಂಡು ತುಂಡಾದ ಗದ್ದೆಗಳ ಕರಾವಳಿ ಅದರ ಕಣ್ಣಿಗೆ ಬೀಳಲೇ ಇಲ್ಲ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಕಿಲೋಗೆ ಒಂದು ರೂಪಾಯಿಯ ಅಕ್ಕಿ ಮನೆಮನೆಗೆ ತಲುಪಿತು. ಹಸಿದವನಿಗೆ ಅದು ದೊಡ್ಡ ಆಸರೆಯಾಯಿತು, ಅದನ್ನು ಹಳಿಯುವವರ ಸಾಲಿಗೆ ನಾನು ಸೇರಲಾರೆ. ಆದರೆ ಗಂಜಿಗೆ ಒಗ್ಗದ ಅಕ್ಕಿ ದೋಸೆ, ಇಡ್ಲಿಗೆ ಖರ್ಚಾಗಿ ಮಿಕ್ಕದ್ದು ಕಾಳಸಂತೆಗೆ ಹೋಗುವುದು ಇಲ್ಲಿ ಗುಟ್ಟಾಗಿ ಉಳಿದಿಲ್ಲ. ಅದನ್ನು ಮಾರಿ ಬಂದ ದುಡ್ಡಿಗೆ ಒಂದಿಷ್ಟು ಸೇರಿಸಿ ಅಂಗಡಿಯಿಂದ ಕುಚ್ಚಲಕ್ಕಿ ತರುವ ಮನೆಗಳೂ ಇವೆ. ಇದನ್ನು ಜನರ ದುರ್ಬುದ್ಧಿ ಎನ್ನುವವರು, ಒಂದೂರಿನ ಊಟಕ್ಕೆ ಇನ್ನೊಂದೂರಿನ ಅಕ್ಕಿ ಕೊಟ್ಟವರ ಲೆಕ್ಕಾಚಾರವನ್ನೂ ಒಮ್ಮೆ ನೋಡಬೇಕು.

ಗದ್ದೆಯಲ್ಲಿಯೂ ಬದಲಾವಣೆ ಬಂತು. ಹಳೆಯ ತಳಿಗಳ ಜಾಗದಲ್ಲಿ ಜಯ, ಆಮೇಲೆ ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದ ಎಂಒ-4 ಬಂದು ಕೂತವು. ಇಂದು ಈ ಕಡೆಯ ಮಳೆಗಾಲದ ಬೆಳೆ ಎಂದರೆ ಬಹುತೇಕ ಎಂಒ-4. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಸಹ್ಯಾದ್ರಿ ಕೆಂಪುಮುಕ್ತಿ, ಸಹ್ಯಾದ್ರಿ ಪಂಚಮುಖಿಯಂಥ ತಳಿಗಳನ್ನು ಹೊರತಂದು ಒಂದೇ ತಳಿಯ ಮೇಲಿನ ಭಾರ ಇಳಿಸಲು ನೋಡುತ್ತಿದೆ. ಇಲ್ಲಿ ಸಾವಯವದವರ ಮೊದಲ ಆಕ್ಷೇಪ ಏಳುತ್ತದೆ: ಕೇರಳದ ಸುಧಾರಿತ ತಳಿ, ಮೇಲಿಂದ ಯೂರಿಯಾ, ಇದು ಯಾವ ಸೀಮೆಯ ನೈಸರ್ಗಿಕ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಗೊಬ್ಬರ, ಕಳೆನಾಶಕಗಳ ಬಗ್ಗೆ ಅವರ ಎಚ್ಚರಿಕೆ ಬೇಕಾದದ್ದೇ. ತಳಿಯ ವಿಷಯದಲ್ಲಿ ಮಾತ್ರ ಒಪ್ಪುವುದು ಕಷ್ಟ. ಬಿತ್ತನೆ ಎಂದೂ ಒಂದೇ ಊರಲ್ಲಿ ನಿಂತದ್ದಲ್ಲ, ಮಲಬಾರಿಗೆ ಅಕ್ಕಿ ಹೊತ್ತು ಹೋದ ಮಂಜಿ ಬರುವಾಗ ಬರಿಗೈಲಿ ಬಂದಿರಲಾರದು. ಕೆಂಪು ಕಾಳು ಬೆಳೆದು, ಕುಚ್ಚಿ, ತೌಡು ಉಳಿಸಿ ಉಣ್ಣುವುದು ಇಲ್ಲಿನ ರೂಢಿ, ಆ ರೂಢಿಯನ್ನು ಎಂಒ-4 ಮುರಿದಿಲ್ಲ. ಮುರಿಯುತ್ತಿರುವುದು ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆ.

ಸಾವಯವ ಪೇಟೆಯ ಬೆಳವಣಿಗೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಕೇಂದ್ರದ ಸಾವಯವ ಪ್ರಮಾಣೀಕರಣ ಕಾರ್ಯಕ್ರಮ 2001ರಲ್ಲಿ ಆರಂಭವಾಯಿತು, ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿ ತಂದಿತು. ಸಹಜ ಸಮೃದ್ಧದಂಥ ಸಂಸ್ಥೆಗಳು ಮರೆತ ದೇಸಿ ಭತ್ತಗಳನ್ನು ಹುಡುಕಿ ಮೇಳಗಳಲ್ಲಿ ತೋರಿಸಿದವು, ಮಂಗಳೂರಿನಲ್ಲಿ ಬೆಳೆಗಾರರೂ ಗ್ರಾಹಕರೂ ಸೇರಿ ಸಾವಯವ ಸಂತೆ ನಡೆಸಿದರು. 2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸಾವಯವ ಎಂದು ಬರೆದು ಮಾರುವುದಕ್ಕೆ ಪ್ರಮಾಣಪತ್ರ ಬೇಕೆಂಬ ನಿಯಮ ಮಾಡಿ, ಜೈವಿಕ್ ಭಾರತ್ ಎಂಬ ಗುರುತು ಕೊಟ್ಟಿತು. ಮೋಸ ತಡೆಯಲು ಇದು ಅಗತ್ಯವೇ. ಆದರೆ ಎಕರೆಗಿಂತ ಕಡಿಮೆ ಗದ್ದೆಯಿರುವ ಬೈಂದೂರಿನ ಬೇಸಾಯಗಾರನಿಗೆ ಪ್ರಮಾಣಪತ್ರದ ಕಾಗದಪತ್ರ, ವರ್ಷಗಟ್ಟಲೆಯ ದಾಖಲೆ ಒಂದು ಹೊರೆ. ಗುಂಪು ಕಟ್ಟಿ ಪರಸ್ಪರ ಖಾತರಿ ಕೊಡುವ ದಾರಿಯೂ ಇದೆ, ಅದನ್ನು ನಡೆಸಲೂ ಒಬ್ಬ ಓಡಾಡುವವನು ಬೇಕು. ಕೊನೆಗೆ ಮಳಿಗೆಯಲ್ಲಿ ಕಟ್ಟುವ ಹೆಚ್ಚಿನ ಬೆಲೆಯಲ್ಲಿ ಗದ್ದೆಗೆ ಇಳಿಯುವ ಪಾಲು ಎಷ್ಟೆಂದು ಪೊಟ್ಟಣದ ಮೇಲೆ ಎಲ್ಲೂ ಬರೆದಿರುವುದಿಲ್ಲ.

ಈ ದಾರಿ ದೊಡ್ಡದಾದರೆ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಅಮೆರಿಕದ ಹೋಲ್ ಫುಡ್ಸ್ ಕತೆ ಸಾಕು. 1980ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಒಂದು ಅಂಗಡಿಯಾಗಿ ಹುಟ್ಟಿದ ಅದು ಸಣ್ಣಪುಟ್ಟ ನೈಸರ್ಗಿಕ ಆಹಾರದ ಅಂಗಡಿಗಳನ್ನು ಕೊಳ್ಳುತ್ತಲೇ ಬೆಳೆಯಿತು. 2007ರಲ್ಲಿ ವೈಲ್ಡ್ ಓಟ್ಸ್ ಎಂಬ ಎದುರಾಳಿಯನ್ನು ನುಂಗುವಾಗ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವೇ ಅಡ್ಡ ಬಂತು. ಅದಕ್ಕೂ ಒಂದು ವರ್ಷ ಮೊದಲು ಲೇಖಕ ಮೈಕೇಲ್ ಪೋಲನ್, ಅಂಗಡಿಯಲ್ಲಿ ತೂಗುಹಾಕಿದ ಚಂದದ ಹಳ್ಳಿ ಚಿತ್ರಗಳ ಹಿಂದೆ ಕಾರ್ಖಾನೆಯಂಥ ದೊಡ್ಡ ಸಾವಯವ ತೋಟಗಳಿರುವುದನ್ನು ಎತ್ತಿ ತೋರಿಸಿದ್ದ. ಕಂಪನಿಯ ಮುಖ್ಯಸ್ಥ ಜಾನ್ ಮ್ಯಾಕಿ ಬಹಿರಂಗ ಪತ್ರ ಬರೆದು ಉತ್ತರಿಸಿದ, ಊರಿನ ಸಣ್ಣ ರೈತರಿಗೆ ಸಾಲದ ಯೋಜನೆಯನ್ನೂ ತಂದ. ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ 2015ರಲ್ಲಿ ಪೊಟ್ಟಣಗಳ ಮೇಲೆ ಇಲ್ಲದ ತೂಕ ಬರೆದದ್ದನ್ನು ಹಿಡಿಯಿತು, ಐದು ಲಕ್ಷ ಡಾಲರಿಗೆ ವ್ಯಾಜ್ಯ ಬಗೆಹರಿಯಿತು. 2017ರಲ್ಲಿ ಅಮೆಜಾನ್ 1,370 ಕೋಟಿ ಡಾಲರಿಗೆ ಇಡೀ ಸರಪಳಿಯನ್ನೇ ಕೊಂಡಿತು. ಖರೀದಿ ಒಂದೇ ಕಡೆಗೆ ಕೇಂದ್ರೀಕೃತವಾದಾಗ ಊರಿನ ಸಣ್ಣ ಪೂರೈಕೆದಾರರು ಗೊಣಗಿದರು. ಮಾಲೀಕರು ದುಷ್ಟರು ಎಂದು ಇದರ ಅರ್ಥವಲ್ಲ. ಸಾವಿರಾರು ಕಪಾಟುಗಳನ್ನು ವರ್ಷವಿಡೀ ಒಂದೇ ರೀತಿ ತುಂಬಿಸಬೇಕಾದವನು ಕುಂದಾಪುರದ ಒಂದು ಬೈಲಿನ ಮಳೆ, ನೆರೆ, ತಡವಾದ ಕೊಯ್ಲನ್ನು ಸಹಿಸುವುದು ಕಷ್ಟ. ಬೆಳೆಗಾರರದೇ ಒಡೆತನದ ಸರಪಳಿಗೂ ತೊಡಕಿಲ್ಲದಿಲ್ಲ: 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭವಾದ ನಮ್ಮ ಹಾಪ್‌ಕಾಮ್ಸ್ ಖಾಸಗಿ ಮಳಿಗೆಗಳ ಪೈಪೋಟಿಯಲ್ಲಿ ಏದುಸಿರು ಬಿಡುತ್ತಿರುವುದು ಕಣ್ಣೆದುರಿದೆ.

ಹಾಗಾದರೆ ನ್ಯಾಯಬೆಲೆ ಅಂಗಡಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸ್ಥಳೀಯ ಭತ್ತ ಕೊಂಡು ಕುಚ್ಚಲಕ್ಕಿ ಮಾಡಿಸಿ ಪಡಿತರದಲ್ಲಿ ಕೊಡಬೇಕೆಂಬ ಬೇಡಿಕೆ ಹಳೆಯದು. ಬ್ರಹ್ಮಾವರ ತಾಲ್ಲೂಕಿನ ಕೋಟದವರಾದ ಕೋಟ ಶ್ರೀನಿವಾಸ ಪೂಜಾರಿ ಸಚಿವರಾಗಿದ್ದಾಗ ಅದಕ್ಕೆ ಸರ್ಕಾರದ ಮಟ್ಟದಲ್ಲಿ ಕಸುವು ಬಂತು, ಕೇಂದ್ರದ ಒಪ್ಪಿಗೆಯೂ ಸಿಕ್ಕಿತು. ಆದರೆ 2022-23ಕ್ಕೆ ಸಾಧಾರಣ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,040 ರೂಪಾಯಿ, ಮಿಲ್ಲಿನವರು ಕೆಂಪು ಭತ್ತಕ್ಕೆ ಹೊರಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರು. ಅದಕ್ಕಿಂತ ಕಠಿಣವಾದದ್ದು ಕಾಲದ ಲೆಕ್ಕ. ಇಲ್ಲಿ ಮಳೆಗಾಲದ ಬೆಳೆ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ, ಹಿಂಗಾರು ಮಳೆ ತಲೆಯ ಮೇಲಿರುವಾಗ. ಗಂಟೆ ಲೆಕ್ಕದ ಬಾಡಿಗೆಯ ಕಟಾವು ಯಂತ್ರ ಬಂದು ಒಂದೇ ದಿನದಲ್ಲಿ ಗದ್ದೆ ಖಾಲಿ ಮಾಡುತ್ತದೆ, ಒಣಗಿಸಲು ಅಂಗಳವೂ ಇಲ್ಲ, ಆಳೂ ಇಲ್ಲ. ಹಸಿ ಭತ್ತ ಅಂದೇ ಮಿಲ್ಲಿನ ಲಾರಿ ಏರುತ್ತದೆ. ಸರ್ಕಾರದ ಖರೀದಿ ಕೇಂದ್ರ ಬಾಗಿಲು ತೆರೆಯುವುದು ಅದಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ರೈತರು ಭತ್ತ ತರಲಿಲ್ಲ, ಯೋಜನೆ ಸೋತಿತು ಎಂದು ಕಡತದಲ್ಲಿ ಬರೆದರೆ ಅದು ಮದುವೆ ಮುಗಿದ ಮೇಲೆ ಚಪ್ಪರ ಹಾಕಿ ನೆಂಟರು ಬರಲಿಲ್ಲ ಎಂದ ಹಾಗೆ.

ಇಲ್ಲಿ ಬೆಳೆದ ಭತ್ತ ವರ್ಷವಿಡೀ ಎಲ್ಲ ಕಾರ್ಡುದಾರರಿಗೆ ಸಾಲದು ಎಂಬ ಇನ್ನೊಂದು ಆಕ್ಷೇಪವೂ ನಿಜ. ಆದರೆ ಸಾಲದಾಗಿರುವುದಕ್ಕೆ ಒಂದು ಕಾರಣ ಕೊಳ್ಳುವವನಿಲ್ಲದ್ದು. 2021ರಲ್ಲಿ ಆಗಿನ ಉಡುಪಿ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳತ್ವದ ಕೇದಾರೋತ್ಥಾನ ಟ್ರಸ್ಟು ಸಾವಿರಕ್ಕೂ ಹೆಚ್ಚು ಎಕರೆ ಹಡಿಲು ಗದ್ದೆಯಲ್ಲಿ ಭತ್ತ ಬೆಳೆಸಿ, ಉಡುಪಿ ಕೇದಾರ ಎಂಬ ಹೆಸರಿನಲ್ಲಿ ಕುಚ್ಚಲಕ್ಕಿ ಮಾರಿತು. ಮನಸ್ಸು ಮಾಡಿದರೆ ಗದ್ದೆ ಏಳುತ್ತದೆ ಎಂಬುದು ಅದರಿಂದ ಗೊತ್ತಾಯಿತು. ಒಬ್ಬರ ಉತ್ಸಾಹ, ದಾನಿಗಳ ನೆರವಿನ ಮೇಲೆ ನಿಂತ ಕೆಲಸ ವರ್ಷ ವರ್ಷ ಸಾಗುವುದು ಎಷ್ಟು ಕಷ್ಟ ಎಂಬುದೂ ಗೊತ್ತಿರಬೇಕು. ಬ್ರಹ್ಮಾವರದವರಿಗೆ ಇಂಥ ಪಾಠ ಹೊಸತಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಂಬಿ ಗದ್ದೆಗೆ ಕಬ್ಬು ಹಾಕಿದವರು, ಅದು ಈ ಶತಮಾನದ ಮೊದಲ ದಶಕದಲ್ಲಿ ನಿಂತಾಗ ಕೊಳ್ಳುವವರಿಲ್ಲದೆ ಕಂಗಾಲಾದರು. ಬೆಳೆ ಯಾವುದೇ ಇರಲಿ, ನಾಳೆಯೂ ಬರುತ್ತೇನೆ ಎನ್ನುವ ಗಿರಾಕಿ ಬೇಕು. ಸರ್ಕಾರಕ್ಕಿಂತ ದೊಡ್ಡ, ಪ್ರತಿ ತಿಂಗಳೂ ತಪ್ಪದೆ ಅಕ್ಕಿ ಬೇಕಾದ ಗಿರಾಕಿ ಈ ಕರಾವಳಿಯಲ್ಲಿ ಬೇರೆ ಯಾರೂ ಇಲ್ಲ. ಅಂಗಡಿಗಳೂ ಈಗಾಗಲೇ ಊರೂರಲ್ಲಿ ಇವೆ, ಸಹಕಾರಿ ಸಂಘಗಳ ಕೈಯಲ್ಲೇ ಎಷ್ಟೋ ಇವೆ.

ಸಾವಯವ ಮಳಿಗೆಗಳು ತಮ್ಮ ಕೆಲಸ ಮಾಡಲಿ, ದೇಸಿ ತಳಿ ಉಳಿಸುವವರಿಗೆ ಅವುಗಳ ಹೆಚ್ಚಿನ ಬೆಲೆ ಸಿಗಲಿ. ಆದರೆ ಮೂರು ತಾಲ್ಲೂಕುಗಳ ಗದ್ದೆ ಪೂರ್ತಿ ಹಡಿಲು ಬೀಳದಂತೆ ನೋಡುವ ತ್ರಾಣ ಅವಕ್ಕಿಲ್ಲ. ಅದಕ್ಕೆ ಬೇಕಾದದ್ದು ಹೆಚ್ಚೇನೂ ಅಲ್ಲ: ಬಿತ್ತುವ ಮೊದಲೇ ಬೆಲೆ ಸಾರುವುದು, ಆ ಬೆಲೆ ಕೆಂಪು ಭತ್ತದ ಪೇಟೆ ಧಾರಣೆಗೆ ಸಮನಾಗಿರುವಂತೆ ನೋಡಿಕೊಳ್ಳುವುದು, ಹಸಿ ಭತ್ತವನ್ನೇ ಕೊಂಡು ಒಣಗಿಸುವ ಏರ್ಪಾಡನ್ನು ಸಹಕಾರಿ ಸಂಘಗಳಲ್ಲಿ ಮಾಡುವುದು, ಇಲ್ಲಿನ ಮಿಲ್ಲುಗಳಲ್ಲೇ ಕುಚ್ಚಿಸಿ ಇಲ್ಲಿನ ಅಂಗಡಿಗೆ ಕೊಡುವುದು. ವರ್ಷಕ್ಕೆ ನಾಲ್ಕು ತಿಂಗಳಿಗೆ ಸಾಕಾದರೂ ಅಲ್ಲಿಂದ ಶುರುವಾಗಲಿ. ಉಡುಪಿ ಜಿಲ್ಲೆಯ ಜನಪ್ರತಿನಿಧಿಗಳು ಪಕ್ಷ ಯಾವುದೇ ಇರಲಿ, ಖರೀದಿ ಕೇಂದ್ರದ ಬಾಗಿಲು ಅಕ್ಟೋಬರಿನ ಮೊದಲ ವಾರದಲ್ಲೇ ತೆರೆಯುವಂತೆ ಮಾಡಬೇಕು.